ಪೈಪೋಟಿಗೂ ಒಂದು ಕಾನೂನು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಸಾಫ್ಟ್‌ವೇರ್ ಕೆಲಸದಲ್ಲಿರುವುದರಿಂದ ಕಂಪ್ಯೂಟರ್ ಬಗ್ಗೆ, ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಿ ಎಂದು ಸಮಿತಿಯವರು ಕೇಳಿದ್ದರು. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಒಂದು ಕಾನೂನಿನ ವಿಷಯ ಹೇಳುತ್ತೇನೆ. ಬಿ.ಇ. ಓದಿದವನಿಗೆ ಕಾನೂನಿನ ಉಸಾಬರಿ ಯಾಕೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಕೆಲಸದಲ್ಲಿ ಒಳ್ಳೆಯ ಯೋಚನೆ ಮಾತ್ರ ಇದ್ದರೆ ಸಾಲದು. ಆ ಯೋಚನೆ ಜನರನ್ನು ತಲುಪಲು ದಾರಿ ಇರಬೇಕು. ದಾರಿಯನ್ನು ಯಾರಾದರೂ ಒಬ್ಬರೇ ಹಿಡಿದು ಕೂತರೆ ಒಳ್ಳೆಯ ಯೋಚನೆ ಅಲ್ಲೇ ಸಾಯುತ್ತದೆ. ಹಾಗೆ ದಾರಿ ಹಿಡಿದು ಕೂರಬಾರದು ಎನ್ನುವ ಕಾನೂನಿಗೆ ನಮ್ಮಲ್ಲಿ ‘ಸ್ಪರ್ಧಾ ಕಾಯ್ದೆ’ ಎಂದು ಹೆಸರು. ಅಮೆರಿಕದಲ್ಲಿ ‘ಆಂಟಿಟ್ರಸ್ಟ್’ ಎನ್ನುತ್ತಾರೆ. ಈ ಕಾನೂನು ನೀವು ಮನೆ ಕಟ್ಟುವಾಗ ತಂದ ಸಿಮೆಂಟಿಗೂ, ಜೇಬಿನಲ್ಲಿರುವ ಫೋನಿಗೂ, ರಾತ್ರಿ ನೋಡುವ ಧಾರಾವಾಹಿಗೂ ಸಂಬಂಧಪಟ್ಟದ್ದು.

ನಾವು ರೇಷ್ಮೆ ಬೆಳೆಯುವ ಊರಿನವರು. ಹಾಗಾಗಿ ಗೂಡಿನ ಮಾರುಕಟ್ಟೆಯಿಂದಲೇ ಶುರು ಮಾಡೋಣ. ಚಂದ್ರಿಕೆಯಿಂದ ಗೂಡು ಬಿಡಿಸಿದ ಮೇಲೆ ಬೆಳೆಗಾರನಿಗೆ ಎಷ್ಟು ದಿನ ಸಮಯ ಇರುತ್ತದೆ? ರಾಗಿಯ ಹಾಗೆ ಕಣಜಕ್ಕೆ ತುಂಬಿ ಬೆಲೆ ಬರಲಿ ಎಂದು ಕಾಯುವಂತಿಲ್ಲ. ಚಿಟ್ಟೆ ಗೂಡನ್ನು ತೂತು ಮಾಡಿ ಹೊರಗೆ ಬಂದರೆ ನೂಲು ತುಂಡು ತುಂಡು. ಅಂದರೆ ಮಾರುವವನಿಗೆ ಅವಸರ, ಕೊಳ್ಳುವವನಿಗೆ ಅವಸರ ಇಲ್ಲ. ಇಂಥ ವ್ಯಾಪಾರದಲ್ಲಿ ಬೆಳೆಗಾರನನ್ನು ಕಾಪಾಡುವುದು ಒಂದೇ: ಜಾಲರಿಯ ಸುತ್ತ ನಿಂತ ರೀಲರ್‌ಗಳು ಹೆಚ್ಚು ಜನ ಇರಬೇಕು, ಅವರು ಒಬ್ಬರ ಮೇಲೊಬ್ಬರು ಕೂಗಬೇಕು. ಸರ್ಕಾರಿ ಗೂಡಿನ ಮಾರುಕಟ್ಟೆ ಎಂಬ ವ್ಯವಸ್ಥೆ ಇರುವುದೇ ಇದಕ್ಕೆ.

ಈಗ ಮೂರು ಸಂಗತಿ ಊಹಿಸಿಕೊಳ್ಳಿ. ಮೊದಲನೆಯದು, ಹರಾಜಿಗೆ ಮುಂಚೆ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಹತ್ತು ರೀಲರ್‌ಗಳು ‘ಇವತ್ತು ಇಷ್ಟರ ಮೇಲೆ ಯಾರೂ ಕೂಗುವುದು ಬೇಡ’ ಎಂದು ಮಾತಾಡಿಕೊಂಡರು. ಹೊರಗಿನಿಂದ ನೋಡಿದರೆ ಹತ್ತು ಜನ ಕೊಳ್ಳುವವರಿದ್ದಾರೆ, ಒಳಗೆ ಇರುವವನು ಒಬ್ಬನೇ. ಎರಡನೆಯದು, ಒಬ್ಬ ದೊಡ್ಡ ರೀಲರ್ ನಷ್ಟವಾದರೂ ಸರಿ ಎಂದು ಒಂದು ವರ್ಷ ಎಲ್ಲರಿಗಿಂತ ಹೆಚ್ಚು ಬೆಲೆಗೆ ಕೂಗಿ ಸಣ್ಣವರಿಗೆ ಗೂಡೇ ಸಿಗದಂತೆ ಮಾಡಿದ. ಅವರು ಘಟಕ ಮುಚ್ಚಿ ಹೋದ ಮೇಲೆ ತಾನು ಹೇಳಿದ್ದೇ ಬೆಲೆ ಎಂದ. ಮೂರನೆಯದು, ಇರುವ ಇಬ್ಬರು ದೊಡ್ಡವರು ಕೈ ಜೋಡಿಸಿ ಒಂದೇ ಕಂಪನಿಯಾದರು. ಸ್ಪರ್ಧಾ ಕಾನೂನು ನೋಡುವುದು ಮುಖ್ಯವಾಗಿ ಈ ಮೂರನ್ನೇ: ಒಳ ಒಪ್ಪಂದ, ದೊಡ್ಡತನದ ದುರ್ಬಳಕೆ, ಪೈಪೋಟಿಯನ್ನು ಕೊಲ್ಲುವ ವಿಲೀನ. ಇಷ್ಟು ಅರ್ಥವಾದರೆ ಕಾನೂನಿನ ಮುಕ್ಕಾಲು ಭಾಗ ಅರ್ಥವಾದ ಹಾಗೆ.

ಒಂದು ಮಾತನ್ನು ಇಲ್ಲೇ ಸ್ಪಷ್ಟ ಮಾಡಬೇಕು. ದೊಡ್ಡದಾಗುವುದು ತಪ್ಪಲ್ಲ. ಒಳ್ಳೆಯ ನೂಲು ತೆಗೆದು, ನ್ಯಾಯವಾದ ಬೆಲೆ ಕೊಟ್ಟು ಒಬ್ಬ ಬೆಳೆದರೆ ಅದು ಅವನ ಹೆಗ್ಗಳಿಕೆ. ಕಬಡ್ಡಿಯಲ್ಲಿ ಬಲವಾದ ತಂಡ ಗೆಲ್ಲುವುದನ್ನು ಅಂಪೈರ್ ತಡೆಯುವುದಿಲ್ಲ. ಎದುರು ತಂಡ ಅಂಗಳಕ್ಕೇ ಇಳಿಯದಂತೆ ಗೇಟಿಗೆ ಬೀಗ ಹಾಕಿದರೆ ಮಾತ್ರ ಸೀಟಿ ಊದುತ್ತಾನೆ.

ನಮ್ಮ ದೇಶದಲ್ಲಿ ಈ ಕಾನೂನು ಹುಟ್ಟುವ ಮೊದಲೇ ರೈತರು ಈ ಸಮಸ್ಯೆಯನ್ನು ಎದುರಿಸಿದ್ದಾರೆ. ಗುಜರಾತಿನ ಖೇಡಾ ಜಿಲ್ಲೆಯ ಕಥೆ ನಿಮ್ಮಲ್ಲಿ ಹಾಲಿನ ಡೇರಿ ನಡೆಸುವವರಿಗೆ ಗೊತ್ತಿರಬಹುದು. ಸ್ವಾತಂತ್ರ್ಯಕ್ಕೆ ಸ್ವಲ್ಪ ಮುಂಚೆ ಮುಂಬೈ ನಗರಕ್ಕೆ ಹಾಲು ತರಿಸುವ ಯೋಜನೆ ಮಾಡಿದ ಅಂದಿನ ಸರ್ಕಾರ, ಖೇಡಾದ ಹಾಲನ್ನು ಕೊಂಡು ಕಳಿಸುವ ಹಕ್ಕನ್ನು ಪಾಲ್ಸನ್ ಎಂಬ ಒಂದೇ ಕಂಪನಿಗೆ ಕೊಟ್ಟಿತು. ಹಾಲು ಗೂಡಿಗಿಂತ ಅವಸರದ ಮಾಲು. ಬೆಳಿಗ್ಗೆ ಕರೆದದ್ದು ಸಂಜೆಗೆ ಕೆಡುತ್ತದೆ. ಕೊಳ್ಳುವವರು ಒಬ್ಬರೇ ಆದ ಮೇಲೆ ರೈತನಿಗೆ ಸಿಕ್ಕಿದ್ದೇ ಬೆಲೆ. ರೈತರು ಸರ್ದಾರ್ ಪಟೇಲರ ಬಳಿಗೆ ಹೋದರು. ನಿಮ್ಮದೇ ಸಹಕಾರ ಸಂಘ ಕಟ್ಟಿಕೊಳ್ಳಿ ಎಂಬುದು ಅವರ ಸಲಹೆ. 1946ರಲ್ಲಿ ಹಳ್ಳಿಗಳವರು ಹದಿನೈದು ದಿನ ಹಾಲು ಹಾಕುವುದನ್ನೇ ನಿಲ್ಲಿಸಿದರು. ಅದೇ ವರ್ಷದ ಡಿಸೆಂಬರ್ 14ರಂದು ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಸಂಘ ನೋಂದಣಿಯಾಯಿತು. 1949ರಲ್ಲಿ ವರ್ಗೀಸ್ ಕುರಿಯನ್ ಎಂಬ ಯುವ ಎಂಜಿನಿಯರ್ ಆನಂದ್‌ಗೆ ಬಂದರು. ಅದೇ ಮುಂದೆ ಅಮುಲ್ ಆಯಿತು. ಆ ಆನಂದ್ ಮಾದರಿಯನ್ನು 1970ರ ದಶಕದಲ್ಲಿ ಕರ್ನಾಟಕ ತಂದುಕೊಂಡಿದ್ದರಿಂದಲೇ ಇವತ್ತು ನಮ್ಮೂರ ಡೇರಿಯ ಮುಂದೆ ಬೆಳಿಗ್ಗೆ ಸಂಜೆ ಕ್ಯಾನು ಹಿಡಿದ ಸಾಲು ನಿಲ್ಲುತ್ತದೆ.

ಇದರಲ್ಲಿ ಎರಡು ಪಾಠ ಇವೆ. ಒಂದು, ಎಷ್ಟೋ ಏಕಸ್ವಾಮ್ಯಗಳು ತಾವಾಗಿ ಹುಟ್ಟುವುದಿಲ್ಲ, ಸರ್ಕಾರವೇ ಬರೆದುಕೊಟ್ಟಿರುತ್ತದೆ. ಇನ್ನೊಂದು, ಕೊಳ್ಳುವ ಇನ್ನೊಬ್ಬ ಬಂದ ಕೂಡಲೇ ಬೆಲೆ ನೆಟ್ಟಗಾಗುತ್ತದೆ. ಆದರೆ ಎಲ್ಲ ಮಾಲಿಗೂ ಎಲ್ಲ ಊರಿನಲ್ಲೂ ಸರ್ದಾರ್ ಪಟೇಲರು ಸಿಗುವುದಿಲ್ಲ. ಅದಕ್ಕೇ ಕಾನೂನು ಬೇಕು.

ಆ ಕಾನೂನು ಮೊದಲು ಗಟ್ಟಿಯಾಗಿ ರೂಪುಗೊಂಡದ್ದು ಅಮೆರಿಕದಲ್ಲಿ, ಅದೂ ಸೀಮೆಎಣ್ಣೆಯ ಕಾರಣಕ್ಕೆ. ಜಾನ್ ರಾಕ್‌ಫೆಲರ್ 1870ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಶುರು ಮಾಡಿದಾಗ ಕಾರುಗಳಿರಲಿಲ್ಲ. ಕಚ್ಚಾ ಎಣ್ಣೆಯಿಂದ ಮುಖ್ಯವಾಗಿ ತೆಗೆಯುತ್ತಿದ್ದುದು ದೀಪದ ಎಣ್ಣೆ. ನಮ್ಮ ಮುತ್ತಜ್ಜಿಯರ ಕಾಲದ ಬುಡ್ಡಿದೀಪಗಳಿಗೆ ಇಂಡಿಯಾಕ್ಕೆ ಬರುತ್ತಿದ್ದ ಎಣ್ಣೆಯಲ್ಲಿ ಅವರದ್ದೂ ಇತ್ತು. ರಾಕ್‌ಫೆಲರ್ ಜಾಣ, ಮಿತವ್ಯಯಿ, ಒಳ್ಳೆಯ ಮಾಲು ಕೊಡುತ್ತಿದ್ದವನು. ಅದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದ. ರೈಲ್ವೆ ಕಂಪನಿಗಳ ಜೊತೆ ಗುಟ್ಟಾಗಿ ಮಾತಾಡಿ ತನ್ನ ಎಣ್ಣೆಗೆ ಬಾಡಿಗೆಯಲ್ಲಿ ರಿಯಾಯಿತಿ ಪಡೆದ. ಎದುರಾಳಿಗಳ ಎಣ್ಣೆ ಸಾಗಿಸಿದಾಗಲೂ ಆ ಬಾಡಿಗೆಯಲ್ಲಿ ತನಗೆ ಪಾಲು ಬರುವಂಥ ಏರ್ಪಾಡನ್ನು 1872ರಲ್ಲಿ ಹೊಸೆದ. ನಿಮ್ಮ ಟೊಮೆಟೊ ಲಾರಿಯ ಬಾಡಿಗೆಯಲ್ಲಿ ಪಕ್ಕದ ಊರಿನ ಬೆಳೆಗಾರನಿಗೆ ಕಮಿಷನ್ ಹೋದ ಹಾಗೆ! ಜನ ರೊಚ್ಚಿಗೆದ್ದು ಆ ಏರ್ಪಾಡು ಮುರಿದುಬಿತ್ತು. ಆದರೆ ಅಷ್ಟರೊಳಗೆ, ಕೆಲವೇ ವಾರಗಳಲ್ಲಿ, ಕ್ಲೀವ್‌ಲ್ಯಾಂಡ್ ನಗರದ 26 ಎಣ್ಣೆ ಶುದ್ಧೀಕರಣ ಘಟಕಗಳಲ್ಲಿ 22 ಅವನ ಕೈಸೇರಿದ್ದವು. ಮುಂದೆ ದೇಶದ ಶುದ್ಧೀಕರಣದಲ್ಲಿ ನೂರಕ್ಕೆ ತೊಂಬತ್ತರಷ್ಟು ಅವನದೇ ಆಯಿತು.

1890ರಲ್ಲಿ ಅಮೆರಿಕದ ಸಂಸತ್ತು ಷರ್ಮನ್ ಕಾಯ್ದೆಯನ್ನು ಪಾಸು ಮಾಡಿತು. ಕಾಯ್ದೆ ಬಂದರೂ ಬಹಳ ವರ್ಷ ಈ ಕಂಪನಿಗೆ ಏನೂ ಆಗಲಿಲ್ಲ. ಪರಿಸ್ಥಿತಿ ಬದಲಾಯಿಸಿದ್ದು ಇಡಾ ಟಾರ್ಬೆಲ್ ಎಂಬ ಪತ್ರಕರ್ತೆ. ಆಕೆಯ ತಂದೆ ಪೆನ್ಸಿಲ್ವೇನಿಯಾದ ಎಣ್ಣೆ ಸೀಮೆಯಲ್ಲಿ ಸಣ್ಣ ವ್ಯವಹಾರ ಮಾಡುತ್ತಿದ್ದವರು. ಆಕೆ ಕೋರ್ಟಿನ ಕಡತ, ಹಳೆಯ ದಾಖಲೆ, ಪತ್ರಗಳನ್ನೆಲ್ಲ ಹುಡುಕಿ ತೆಗೆದು 1902ರಿಂದ ಒಂದು ಮಾಸಪತ್ರಿಕೆಯಲ್ಲಿ ಕಂಪನಿಯ ಇತಿಹಾಸವನ್ನು ಕಂತು ಕಂತಾಗಿ ಬರೆದರು. 1906ರಲ್ಲಿ ಸರ್ಕಾರ ಮೊಕದ್ದಮೆ ಹೂಡಿತು. 1911ರ ಮೇ 15ರಂದು ಅಲ್ಲಿನ ಸುಪ್ರೀಂ ಕೋರ್ಟು ಕಂಪನಿಯನ್ನು ಒಡೆಯಬೇಕೆಂದು ತೀರ್ಪು ಕೊಟ್ಟಿತು. ಒಂದು ಕಂಪನಿ 34 ಆಯಿತು. ತಮಾಷೆಯೆಂದರೆ, ಒಡೆದ ಮೇಲೆ ಆ ಷೇರುಗಳ ಬೆಲೆ ಏರಿ ರಾಕ್‌ಫೆಲರ್ ಮೊದಲಿಗಿಂತ ಶ್ರೀಮಂತನಾದ. ಕಾನೂನಿಗೆ ಅವನನ್ನು ಬಡವನನ್ನಾಗಿ ಮಾಡುವ ಹಟ ಇರಲಿಲ್ಲ. ಎಣ್ಣೆ ವ್ಯಾಪಾರದ ಗೇಟು ತೆರೆಯಬೇಕಿತ್ತು, ತೆರೆಯಿತು.

ಈಗ ನನ್ನ ಕಸುಬಿಗೆ ಬರುತ್ತೇನೆ. ನಾವು ಈ ಶಾಲೆಯಲ್ಲಿದ್ದಾಗ ಕಂಪ್ಯೂಟರ್ ಕೊಠಡಿಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಆಗಿನ ಪ್ರತಿ ಕಂಪ್ಯೂಟರಿನ ಪರದೆಯ ಮೇಲೂ ನೀಲಿ ಬಣ್ಣದ ಇಂಗ್ಲಿಷ್ ‘ಇ’ ಅಕ್ಷರ ಇರುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರಬಹುದು. ಅದು ಇಂಟರ್‌ನೆಟ್ ಎಕ್ಸ್‌ಪ್ಲೋರರ್. ಅದು ಅಲ್ಲಿ ಹೇಗೆ ಬಂತು ಎಂಬುದು ದೊಡ್ಡ ಮೊಕದ್ದಮೆಯ ವಿಷಯ.

1990ರ ದಶಕದಲ್ಲಿ ಜಗತ್ತಿನ ಬಹುಪಾಲು ಪರ್ಸನಲ್ ಕಂಪ್ಯೂಟರುಗಳು ಮೈಕ್ರೋಸಾಫ್ಟಿನ ವಿಂಡೋಸ್ ಮೇಲೆ ನಡೆಯುತ್ತಿದ್ದವು. ಆಗ ನೆಟ್‌ಸ್ಕೇಪ್ ಎಂಬ ಹೊಸ ಕಂಪನಿ ಇಂಟರ್‌ನೆಟ್ ನೋಡಲು ನ್ಯಾವಿಗೇಟರ್ ಎಂಬ ಬ್ರೌಸರ್ ತಂದಿತು. ಎಲ್ಲ ಕೆಲಸ ಬ್ರೌಸರಿನಲ್ಲೇ ಆಗುವಂತಾದರೆ ವಿಂಡೋಸ್ ಯಾರಿಗೆ ಬೇಕು ಎಂಬ ಭಯ ಮೈಕ್ರೋಸಾಫ್ಟಿಗೆ ಹುಟ್ಟಿತು. ತನ್ನ ಬ್ರೌಸರನ್ನು ವಿಂಡೋಸಿಗೇ ಅಂಟಿಸಿ ಪುಕ್ಕಟೆ ಕೊಟ್ಟಿತು. ಅಷ್ಟಕ್ಕೇ ನಿಂತಿದ್ದರೆ ಮಾತು ಬೇರೆ. ಕಂಪ್ಯೂಟರ್ ತಯಾರಿಸುವ ಕಂಪನಿಗಳು ನಮ್ಮ ಬ್ರೌಸರನ್ನು ತೆಗೆಯಬಾರದು, ಎದುರಾಳಿಯದನ್ನು ಮುಂದಕ್ಕೆ ತರಬಾರದು ಎಂದು ಒಪ್ಪಂದಗಳಲ್ಲಿ ಕಟ್ಟಿಹಾಕಿತು. ವಿಂಡೋಸ್ ಇಲ್ಲದೆ ಅವರ ವ್ಯಾಪಾರ ನಡೆಯದು, ಆದ್ದರಿಂದ ಒಪ್ಪಲೇಬೇಕು. 1998ರ ಮೇ 18ರಂದು ಅಮೆರಿಕದ ಸರ್ಕಾರ ಮತ್ತು ಹಲವು ರಾಜ್ಯಗಳು ಮೊಕದ್ದಮೆ ಹೂಡಿದವು. 2000ದಲ್ಲಿ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಕಂಪನಿಯನ್ನು ಎರಡಾಗಿ ಒಡೆಯಲು ಆದೇಶಿಸಿದರು. 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಒಡೆಯುವ ಆದೇಶವನ್ನು ರದ್ದು ಮಾಡಿತು, ಆದರೆ ಏಕಸ್ವಾಮ್ಯವನ್ನು ಉಳಿಸಿಕೊಳ್ಳಲು ಕಾನೂನು ಮುರಿದದ್ದು ನಿಜ ಎಂದು ಎತ್ತಿಹಿಡಿಯಿತು. ಕೊನೆಗೆ ಹಲವು ಷರತ್ತುಗಳ ಮೇಲೆ ರಾಜಿಯಾಯಿತು.

ನೆಟ್‌ಸ್ಕೇಪ್ ಅಷ್ಟು ಹೊತ್ತಿಗೆ ನೆಲ ಕಚ್ಚಿತ್ತು. ಹಾಗಾದರೆ ಮೊಕದ್ದಮೆಯಿಂದ ಏನು ಬಂತು? ಅದೇ 1998ರ ಸೆಪ್ಟೆಂಬರಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಗೂಗಲ್ ಎಂಬ ಕಂಪನಿ ಶುರು ಮಾಡಿದರು. ಮೈಕ್ರೋಸಾಫ್ಟ್ ಕೋರ್ಟಿನ ಕಟಕಟೆಯಲ್ಲಿ ನಿಂತಿರದಿದ್ದರೆ, ಆ ಎಳೆಯ ಕಂಪನಿ ತನ್ನ ಬ್ರೌಸರಿನಲ್ಲಿ ಕಾಣಿಸಿಕೊಳ್ಳಲು ಬಿಡುತ್ತಿತ್ತೇ ಎಂದು ನಮ್ಮ ಕಸುಬಿನಲ್ಲಿ ಬಹಳ ಜನ ಕೇಳುತ್ತಾರೆ. ಇದಕ್ಕೆ ಖಚಿತ ಉತ್ತರ ಕೊಡಲು ಆಗುವುದಿಲ್ಲ, ವಾದ ಇನ್ನೂ ನಡೆದಿದೆ. ಆದರೆ ಆಮೇಲಿನ ಕಥೆ ನೋಡಿ. ಹಾಗೆ ಬೆಳೆದ ಗೂಗಲ್ ಮೇಲೇ 2020ರಲ್ಲಿ ಅಮೆರಿಕ ಮೊಕದ್ದಮೆ ಹಾಕಿತು. ಫೋನು, ಬ್ರೌಸರುಗಳಲ್ಲಿ ತನ್ನ ಹುಡುಕಾಟವೇ ಮೊದಲು ಬರಲಿ ಎಂದು ಅದು 2021ರ ಒಂದೇ ವರ್ಷ 2,600 ಕೋಟಿ ಡಾಲರಿಗೂ ಹೆಚ್ಚು ಹಣ ಕೊಟ್ಟಿದ್ದು ಆ ಮೊಕದ್ದಮೆಯಲ್ಲಿ ಹೊರಬಿತ್ತು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಕಾಪಾಡಿಕೊಂಡಿದೆ ಎಂದು ತೀರ್ಪಿತ್ತರು. ಒಮ್ಮೆ ತೆರೆದ ಗೇಟಿನಿಂದ ಒಳಗೆ ಬಂದವರೇ ಆಮೇಲೆ ಗೇಟು ಹಾಕಲು ನೋಡುತ್ತಾರೆ. ಹಾಗಾಗಿ ಕಾವಲು ಯಾವಾಗಲೂ ಇರಬೇಕಾಗುತ್ತದೆ.

ನಮ್ಮ ದೇಶದಲ್ಲಿ ಏನಾಯಿತು? ಸಂಪತ್ತು ಮತ್ತು ಉತ್ಪಾದನೆಯ ಸಾಧನಗಳು ಎಲ್ಲರಿಗೂ ಹಾನಿಯಾಗುವಂತೆ ಕೆಲವರ ಕೈಯಲ್ಲೇ ಸೇರಬಾರದು ಎಂಬ ಆಶಯ ನಮ್ಮ ಸಂವಿಧಾನದ 39ನೇ ವಿಧಿಯಲ್ಲೇ ಇದೆ. ಅದಕ್ಕೆ ಅನುಗುಣವಾಗಿ 1969ರಲ್ಲಿ ಎಂ.ಆರ್.ಟಿ.ಪಿ. ಕಾಯ್ದೆ, ಅಂದರೆ ಏಕಸ್ವಾಮ್ಯ ಮತ್ತು ನಿರ್ಬಂಧಿತ ವ್ಯಾಪಾರ ಪದ್ಧತಿಗಳ ಕಾಯ್ದೆ ಬಂತು. ಆಶಯ ಒಳ್ಳೆಯದೇ. ಆದರೆ ಅದು ದೊಡ್ಡತನವನ್ನೇ ಅನುಮಾನದಿಂದ ನೋಡಿತು. 20 ಕೋಟಿ ರೂಪಾಯಿಗಿಂತ ಹೆಚ್ಚು ಆಸ್ತಿಯಿರುವ ಉದ್ಯಮ ಸಮೂಹ ಕಾರ್ಖಾನೆ ವಿಸ್ತರಿಸಬೇಕಾದರೂ ದೆಹಲಿಯ ಒಪ್ಪಿಗೆ ಬೇಕಿತ್ತು. ಲೈಸೆನ್ಸ್ ಪದ್ಧತಿಯೂ ಸೇರಿ ಹೊಸಬರು ಬರುವುದು ಕಷ್ಟ, ಇರುವವರು ಬೆಳೆಯುವುದು ಕಷ್ಟ ಎಂದಾಯಿತು. ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾದ ಹಿರಿಯರು ಇಲ್ಲಿ ಕೂತಿದ್ದೀರಿ, ನಾನು ಹೆಚ್ಚು ಹೇಳಬೇಕಿಲ್ಲ. 1991ರ ಸುಧಾರಣೆಯಲ್ಲಿ ಆ ಮಿತಿ ಹೋಯಿತು. 2002ರಲ್ಲಿ ಸಂಸತ್ತು ಹೊಸ ಸ್ಪರ್ಧಾ ಕಾಯ್ದೆ ಮಾಡಿತು. ಒಳ ಒಪ್ಪಂದ ಮತ್ತು ದುರ್ಬಳಕೆಯ ಕಲಮುಗಳು ಜಾರಿಗೆ ಬಂದದ್ದು 2009ರ ಮೇ 20ರಿಂದ. ಇದನ್ನು ನೋಡಿಕೊಳ್ಳುವುದು ದೆಹಲಿಯಲ್ಲಿರುವ ಭಾರತೀಯ ಸ್ಪರ್ಧಾ ಆಯೋಗ. ನಾವು ಚಿಕ್ಕದಾಗಿ ಸಿ.ಸಿ.ಐ. ಎನ್ನುತ್ತೇವೆ.

ಈ ಆಯೋಗ ಮಾಡಿದ ಕೆಲಸಗಳಲ್ಲಿ ನಮ್ಮ ಬದುಕಿಗೆ ತಾಗುವ ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು ಸಿಮೆಂಟು. ಕಟ್ಟಡ ಕಟ್ಟುವವರ ಸಂಘ ದೂರು ಕೊಟ್ಟಿತು. ಕಾರ್ಖಾನೆಗಳು ತಮ್ಮ ಸಂಘದ ಮೂಲಕ ಬೆಲೆ ಮತ್ತು ಉತ್ಪಾದನೆಯ ಮಾಹಿತಿ ಹಂಚಿಕೊಂಡು, ಸಾಮರ್ಥ್ಯ ಇದ್ದರೂ ಕಡಿಮೆ ತಯಾರಿಸಿ ಬೆಲೆ ಏರಿಸಿವೆ ಎಂದು ಆಯೋಗ ಕಂಡುಕೊಂಡಿತು. 2012ರ ಜೂನ್‌ನಲ್ಲಿ 11 ಕಂಪನಿಗಳ ಮೇಲೆ ಸುಮಾರು 6,300 ಕೋಟಿ ರೂಪಾಯಿ ದಂಡ ಹಾಕಿತು.

ಎರಡನೆಯದನ್ನು ಶಾಲೆಯ ವೇದಿಕೆಯಲ್ಲಿ ಹೇಳುತ್ತಿರುವುದಕ್ಕೆ ಗುರುಗಳು ಕ್ಷಮಿಸಬೇಕು, ಅದು ಬಿಯರು. ಮೂರು ಬಿಯರ್ ಕಂಪನಿಗಳು ವರ್ಷಗಟ್ಟಲೆ ಮಾತಾಡಿಕೊಂಡು ರಾಜ್ಯ ಸರ್ಕಾರಗಳಿಗೆ ಬೆಲೆ ಏರಿಕೆಯ ಪ್ರಸ್ತಾವ ಕೊಡುತ್ತಿದ್ದವು. ಅವುಗಳಲ್ಲಿ ಒಂದು ಬೆಂಗಳೂರಿನ ಕಂಪನಿಯೇ. ಇದು ಹೊರಗೆ ಬಂದದ್ದು ಹೇಗೆ? ಗುಂಪಿನಲ್ಲಿ ಮೊದಲು ಬಂದು ನಿಜ ಹೇಳಿದವರಿಗೆ ದಂಡ ಪೂರ್ತಿ ಮಾಫಿ ಮಾಡುವ ಅವಕಾಶ ಕಾನೂನಿನಲ್ಲಿದೆ. ಮೂವರಲ್ಲಿ ಒಬ್ಬರು ಹೋಗಿ ಹೇಳಿದರು, ಅವರಿಗೆ ದಂಡ ಇಲ್ಲ. ಉಳಿದವರಿಗೆ 2021ರಲ್ಲಿ ಒಟ್ಟು 870 ಕೋಟಿಗೂ ಹೆಚ್ಚು ದಂಡ. ಮಾವಿನ ತೋಪಿಗೆ ಮೂವರು ನುಗ್ಗಿದಾಗ ಮೇಷ್ಟ್ರ ಮುಂದೆ ಮೊದಲು ಬಾಯಿ ಬಿಟ್ಟವನಿಗೆ ಏಟು ತಪ್ಪುತ್ತಿತ್ತಲ್ಲ, ಅದೇ ಉಪಾಯ. ಒಳ ಒಪ್ಪಂದ ಮಾಡಿಕೊಳ್ಳುವವರು ಪಕ್ಕದವನನ್ನು ನಂಬದ ಹಾಗೆ ಮಾಡುವುದೇ ಇದರ ಗುಟ್ಟು.

ಮೂರನೆಯದು ಡಬ್ಬಿಂಗ್. ಇದರಲ್ಲಿ ನಿಮ್ಮಲ್ಲೇ ಎರಡು ಅಭಿಪ್ರಾಯ ಇರುತ್ತದೆ ಎಂದು ನನಗೆ ಗೊತ್ತು. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಕಾಲೂರುತ್ತಿದ್ದಾಗ ಕಲಾವಿದರು, ಸಾಹಿತಿಗಳು ಚಳವಳಿ ಮಾಡಿ ಡಬ್ಬಿಂಗ್ ನಿಲ್ಲಿಸಿದರು. ಅಂದಿನ ಸ್ಥಿತಿಯಲ್ಲಿ ಅದಕ್ಕೆ ಕಾರಣ ಇತ್ತು. ಆದರೆ ಅದು ಕಾನೂನಾಗಿರಲಿಲ್ಲ, ಕಟ್ಟುಪಾಡಾಗಿತ್ತು, ಮತ್ತು ಅರ್ಧ ಶತಮಾನ ಹಾಗೇ ಉಳಿಯಿತು. ಕನ್ನಡ ಗ್ರಾಹಕರ ಕೂಟ ಆಯೋಗಕ್ಕೆ ದೂರು ಕೊಟ್ಟಿತು. ಡಬ್ ಮಾಡಿದ ಚಿತ್ರ, ಧಾರಾವಾಹಿಗಳನ್ನು ಸಂಘಗಳು ಸೇರಿ ತಡೆಯುವುದು ಸ್ಪರ್ಧೆಗೆ ಅಡ್ಡಿ ಎಂದು 2015ರ ಜುಲೈನಲ್ಲಿ ಆಯೋಗ ಹೇಳಿತು, ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡವನ್ನೂ ಹಾಕಿತು. ಬಂಗಾಳಿಗೆ ಡಬ್ ಮಾಡಿದ ‘ಮಹಾಭಾರತ’ ಧಾರಾವಾಹಿಯನ್ನು ಅಲ್ಲಿನ ಕಲಾವಿದರ ಸಂಘಟನೆ ತಡೆದ ಪ್ರಕರಣದಲ್ಲಿ 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಕೂಡ ಆಯೋಗದ ಪರವಾಗಿ ತೀರ್ಪು ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಕನ್ನಡದಲ್ಲೇ ಮಾತಾಡುವ ಕೃಷ್ಣ, ಕರ್ಣ, ಭೀಷ್ಮರನ್ನು ನಿಮ್ಮಲ್ಲಿ ಎಷ್ಟು ಜನ ಟಿವಿಯಲ್ಲಿ ನೋಡಿದಿರಿ, ಕೈ ಎತ್ತಿ ನೋಡೋಣ. ಅಷ್ಟೂ ತಾಯಂದಿರ ಕೈ ಮೇಲಿದೆ! ಕನ್ನಡ ಚಿತ್ರರಂಗ ಇದರಿಂದ ಮುಳುಗಿತೇ? ‘ಕೆ.ಜಿ.ಎಫ್.’, ‘ಕಾಂತಾರ’ ಚಿತ್ರಗಳು ಇದೇ ಡಬ್ಬಿಂಗ್ ದಾರಿಯಲ್ಲಿ ಹಿಂದಿ, ತೆಲುಗು, ತಮಿಳು, ಮಲಯಾಳಂ ಊರುಗಳಿಗೆ ಹೋಗಿ ಗೆದ್ದು ಬಂದವು. ನಮ್ಮ ಬಾಗಿಲು ಹಾಕಿಕೊಂಡು ಪಕ್ಕದ ಮನೆಯ ಬಾಗಿಲು ಮಾತ್ರ ತೆರೆದಿರಲಿ ಎನ್ನುವುದು ಬಹಳ ದಿನ ನಡೆಯುವುದಿಲ್ಲ ಎಂದು ನನ್ನ ಅಭಿಪ್ರಾಯ. ಇದರಿಂದ ನಮ್ಮ ಡಬ್ಬಿಂಗ್ ಕಲಾವಿದರಿಗೂ ಬರಹಗಾರರಿಗೂ ಹೊಸ ಕೆಲಸ ಹುಟ್ಟಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಾಲ್ಕನೆಯದು ಫೋನು. ಇಲ್ಲಿರುವ ನೂರು ಸ್ಮಾರ್ಟ್‌ಫೋನುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್ ಆಗಿರುತ್ತವೆ. ಆಂಡ್ರಾಯ್ಡ್ ಗೂಗಲ್‌ನದು. ಪ್ಲೇ ಸ್ಟೋರ್ ಬೇಕೆಂದರೆ ಫೋನ್ ಕಂಪನಿಗಳು ಗೂಗಲ್‌ನ ಇತರ ಆ್ಯಪ್‌ಗಳ ಕಂತೆಯನ್ನೇ ಹಾಕಿಕೊಡಬೇಕಿತ್ತು. ಅಂಗಡಿಯವನು ಸಕ್ಕರೆ ಬೇಕಾದರೆ ಸೋಪು, ಬೆಂಕಿಪೊಟ್ಟಣವನ್ನೂ ಕೊಳ್ಳಲೇಬೇಕು ಎಂದ ಹಾಗೆ. ಮೂವರು ಯುವಜನರು ಕೊಟ್ಟ ದೂರಿನ ಮೇಲೆ ತನಿಖೆ ನಡೆದು, 2022ರ ಅಕ್ಟೋಬರ್‌ನಲ್ಲಿ ಆಯೋಗ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಉಳಿಸಿತು. ಅದಕ್ಕೆ ಮೊದಲೇ, ಇಂಡಿಯಾದಲ್ಲಿ ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ಪಡೆಯಬಹುದು, ಯಾವ ಹುಡುಕಾಟ ಬೇಕೆಂದು ಬಳಕೆದಾರರೇ ಆರಿಸಿಕೊಳ್ಳಬಹುದು ಎಂದು ಗೂಗಲ್ ಪ್ರಕಟಿಸಿತು. ಪ್ರಪಂಚದ ಅತಿ ದೊಡ್ಡ ಕಂಪನಿಗಳಲ್ಲಿ ಒಂದನ್ನು ಹೀಗೆ ಬಗ್ಗಿಸಿದ್ದು ಮೂವರು ಬರೆದ ಒಂದು ದೂರು ಎಂಬುದನ್ನು ಮಕ್ಕಳು ನೆನಪಿಡಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ಕಾನೂನಿನ ಜಾಹೀರಾತು ಮಾಡಿದ ಹಾಗಾಗುತ್ತದೆ. ಅದರ ಕುಂದುಗಳನ್ನೂ ಹೇಳಬೇಕು. ದೊಡ್ಡ ಕುಂದು ತಡ. 2012ರ ಸಿಮೆಂಟ್ ಆದೇಶವನ್ನು 2015ರಲ್ಲಿ ವಿಚಾರಣಾ ಕ್ರಮದ ಲೋಪಕ್ಕೆ ನ್ಯಾಯಮಂಡಳಿ ರದ್ದು ಮಾಡಿತು. 2016ರಲ್ಲಿ ಆಯೋಗ ಮತ್ತೆ ಕೇಳಿ ಮತ್ತೆ ದಂಡ ಹಾಕಿತು. 2018ರಲ್ಲಿ ಅದು ಮೇಲ್ಮನವಿಯಲ್ಲಿ ಗೆದ್ದಿತು, ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ಅಷ್ಟರಲ್ಲಿ ನಮ್ಮೂರಲ್ಲೇ ಎಷ್ಟು ಮನೆಗಳ ಗೃಹಪ್ರವೇಶ ಆಗಿಹೋಯಿತು! ಇನ್ನೊಂದು, ದಂಡದ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಮೂಟೆಗೆ ಹೆಚ್ಚು ಕೊಟ್ಟವರಿಗೆ ತಾನಾಗಿ ವಾಪಸು ಬರುವುದಿಲ್ಲ.

ಮೂರನೆಯ ಮಾತು ಊರಿನ ಅಂಗಡಿಯವರಿಗೆ ಬೇಸರ ತರಬಹುದು. ಈ ಕಾನೂನು ಕಾಪಾಡುವುದು ಪೈಪೋಟಿಯನ್ನು, ಪೈಪೋಟಿಗಾರನನ್ನು ಅಲ್ಲ. ತಾಲ್ಲೂಕಿನಲ್ಲಿ ದೊಡ್ಡ ಅಂಗಡಿ ತೆರೆದು, ಚೆನ್ನಾಗಿ ನಡೆಸಿ, ಕಡಿಮೆಗೆ ಮಾರಿದರೆ ಸಣ್ಣ ಅಂಗಡಿಯನ್ನು ಉಳಿಸಲು ಸ್ಪರ್ಧಾ ಆಯೋಗ ಬರುವುದಿಲ್ಲ. ಮಾರುಕಟ್ಟೆಯಲ್ಲಿ ಪ್ರಾಬಲ್ಯ ಇರುವವನು ಎದುರಾಳಿಯನ್ನು ಮುಗಿಸಲೆಂದೇ ತಯಾರಿಕೆಯ ವೆಚ್ಚಕ್ಕಿಂತ ಕಡಿಮೆಗೆ ಮಾರಿದರೆ ಮಾತ್ರ ಪ್ರಶ್ನೆ ಏಳುತ್ತದೆ. ಇವತ್ತು ಆ್ಯಪ್‌ನಲ್ಲಿ ಸಿಗುವ ಭಾರಿ ರಿಯಾಯಿತಿ ಎರಡರಲ್ಲಿ ಯಾವುದು ಎಂದು ಹೇಳುವುದು ಸುಲಭವಲ್ಲ. ಕಡಿಮೆ ಬೆಲೆ ಗ್ರಾಹಕನಿಗೆ ಹಬ್ಬ. ಆದರೆ ಪಕ್ಕದ ಅಂಗಡಿ ಮುಚ್ಚಿದ ಮೇಲೂ ಆ ಹಬ್ಬ ನಡೆಯುತ್ತದೆಯೇ ಎಂದು ಕೇಳಿಕೊಳ್ಳಬೇಕು.

ನನ್ನ ಕಸುಬಿನಿಂದ ಬರುವ ಇನ್ನೊಂದು ಚಿಂತೆ ಇದೆ. ಮೊದಲು ಒಳ ಒಪ್ಪಂದಕ್ಕೆ ಟೀ ಅಂಗಡಿ ಬೇಕಿತ್ತು, ಇಲ್ಲವೇ ಫೋನ್ ಕರೆ ಬೇಕಿತ್ತು. ಈಗ ಎಲ್ಲರೂ ಬೆಲೆ ನಿಗದಿಗೆ ಒಂದೇ ಸಾಫ್ಟ್‌ವೇರ್ ಬಳಸಿದರೆ ಸಾಕು, ಯಾರೂ ಬಾಯಿ ಬಿಡಬೇಕಿಲ್ಲ. ಮನೆ ಬಾಡಿಗೆ ಎಷ್ಟಿಡಬೇಕೆಂದು ಮಾಲೀಕರಿಗೆ ಹೇಳುವ ರಿಯಲ್‌ಪೇಜ್ ಎಂಬ ಸಾಫ್ಟ್‌ವೇರ್ ಕಂಪನಿಯ ಮೇಲೆ 2024ರಲ್ಲಿ ಅಮೆರಿಕದ ಸರ್ಕಾರ ಇದೇ ಆರೋಪದ ಮೊಕದ್ದಮೆ ಹೂಡಿತು. ನಮ್ಮ ಗೂಡಿನ ಮಾರುಕಟ್ಟೆಯ ಹರಾಜೂ ಈಗ ಮೊಬೈಲಿಗೆ ಬಂದಿದೆ. ಒಳ್ಳೆಯದೇ, ಯಾರು ಎಷ್ಟು ಕೂಗಿದರು ಎಂಬ ಲೆಕ್ಕ ಉಳಿಯುತ್ತದೆ, ಮುಖ ನೋಡಿ ಹಿಂಜರಿಯುವುದು ತಪ್ಪುತ್ತದೆ. ಆದರೆ ಆ ಲೆಕ್ಕವನ್ನು ಯಾರಾದರೂ ಕೂತು ನೋಡಬೇಕು. ಪ್ರತಿ ವಾರವೂ ಅದೇ ನಾಲ್ವರು ಸರದಿಯ ಮೇಲೆ ಗೆಲ್ಲುತ್ತಿದ್ದಾರೆಯೇ ಎಂದು ಕಂಡುಹಿಡಿಯಲು ಹತ್ತನೇ ತರಗತಿಯ ಗಣಿತ ಸಾಕು.

ಹಾಗಾದರೆ ನಾವು ಏನು ಮಾಡಬಹುದು? ಮೂರು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಟೆಂಡರ್. ಊರಿನ ರಸ್ತೆಗೆ, ಚರಂಡಿಗೆ, ಶಾಲೆಯ ಕೊಠಡಿಗೆ ಟೆಂಡರ್ ಕರೆದಾಗ ಮೂರು ಅರ್ಜಿ ಬರುತ್ತವೆ. ಮೂರೂ ಒಬ್ಬರೇ ಬರೆಸಿದ್ದಾದರೆ, ‘ಈ ಸಲ ನಿನಗೆ, ಮುಂದಿನ ಸಲ ನನಗೆ’ ಎಂದಾದರೆ, ಅದು ಬರೀ ಹೊಂದಾಣಿಕೆ ಅಲ್ಲ. ಸ್ಪರ್ಧಾ ಕಾಯ್ದೆಯ ಉಲ್ಲಂಘನೆ. ಹಾಗೆ ಹೋದ ಹಣ ನಮ್ಮದೇ. ಎರಡು ಮಳೆಗೆ ಸೋರುವ ಮಾಳಿಗೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಉತ್ತರ ಅನೇಕ ಸಲ ಅಲ್ಲೇ ಇರುತ್ತದೆ. ಗ್ರಾಮಸಭೆಯಲ್ಲಿ ಎಷ್ಟು ಅರ್ಜಿ ಬಂದವು, ಯಾರವು, ಬೆಲೆಯಲ್ಲಿ ಎಷ್ಟು ವ್ಯತ್ಯಾಸ ಎಂದು ಕೇಳುವುದಕ್ಕೆ ಕಾನೂನು ಓದಿರಬೇಕಿಲ್ಲ.

ಎರಡು, ಒಪ್ಪಂದ. ಬೀಜ ಕೊಡುತ್ತೇವೆ, ಬೆಳೆ ನಾವೇ ಕೊಳ್ಳುತ್ತೇವೆ ಎಂದು ಕಂಪನಿಗಳು ಬರುತ್ತವೆ. ಎಲ್ಲವೂ ಕೆಟ್ಟವಲ್ಲ. ಸಹಿ ಹಾಕುವ ಮುನ್ನ ಒಂದು ಸಾಲು ಹುಡುಕಿ: ಬೇರೆಯವರಿಗೆ ಮಾರುವ ಹಕ್ಕು ನಿಮಗೆ ಉಳಿದಿದೆಯೇ? ಆ ಹಕ್ಕು ಇದ್ದರೆ ಕಂಪನಿಯವರು ನಿಮ್ಮ ಮಾತು ಕೇಳುತ್ತಾರೆ. ಅದು ಹೋದ ದಿನ ನೀವು ಖೇಡಾದ ಹಾಲು ಮಾರುವವರಾಗುತ್ತೀರಿ.

ಮೂರು, ದೂರು. ಸ್ಪರ್ಧಾ ಆಯೋಗಕ್ಕೆ ಯಾವ ವ್ಯಕ್ತಿ ಬೇಕಾದರೂ, ಗ್ರಾಹಕರ ಸಂಘ, ವ್ಯಾಪಾರಿಗಳ ಸಂಘ ಬೇಕಾದರೂ ನಿಗದಿತ ಶುಲ್ಕ ಕಟ್ಟಿ ಮಾಹಿತಿ ಕೊಡಬಹುದು. ತನಗೇ ನಷ್ಟವಾಗಿರಬೇಕು ಎಂಬ ನಿಯಮ ಇಲ್ಲ. ಬೇಕಾಗುವುದು ದಾಖಲೆ: ಬಿಲ್ಲು, ಪತ್ರ, ಸಂದೇಶ, ದಿನಾಂಕ. ಇವತ್ತು ನಾನು ಹೇಳಿದ ಕಥೆಗಳನ್ನೆಲ್ಲ ನೋಡಿ. ಇಡಾ ಟಾರ್ಬೆಲ್, ಕಟ್ಟಡ ಕಟ್ಟುವವರ ಸಂಘ, ಕನ್ನಡ ಗ್ರಾಹಕರ ಕೂಟ, ಮೂವರು ಯುವಜನರು. ಪ್ರತಿಯೊಂದರಲ್ಲೂ ಯಾರೋ ಒಬ್ಬರು ಕೂತು, ಕಾಗದ ಒಟ್ಟುಮಾಡಿ, ಬರೆದರು. ಕಾನೂನು ತಾನಾಗಿ ಎದ್ದು ನಡೆಯುವುದಿಲ್ಲ.

ಮಕ್ಕಳೇ, ನಿಮಗೆ ಒಂದು ಮಾತು. ಐವತ್ತು ವರ್ಷದ ಹಿಂದೆ ಈ ಶಾಲೆ ಬರುವ ಮೊದಲು ಹೈಸ್ಕೂಲು ಓದಬೇಕಾದರೆ ತಾಲ್ಲೂಕಿಗೆ ನಡೆದು ಹೋಗಬೇಕಿತ್ತು, ಇಲ್ಲವೇ ಅಲ್ಲಿ ಮನೆ ಮಾಡುವ ಶಕ್ತಿ ಇರಬೇಕಿತ್ತು. ಶಾಲೆ ಬಂದ ಮೇಲೆ ಕೂಲಿಯವರ ಮಗಳೂ ಜಮೀನ್ದಾರರ ಮಗನೂ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆದರು. ಯಾರು ಗೆಲ್ಲಬೇಕು ಎಂದು ಶಾಲೆ ಮೊದಲೇ ತೀರ್ಮಾನ ಮಾಡಲಿಲ್ಲ. ನಾಳೆ ನಿಮ್ಮಲ್ಲಿ ಒಬ್ಬರು ನೂಲು ತೆಗೆಯುವ ಹೊಸ ಯಂತ್ರ ಮಾಡಬಹುದು, ಹೊಸ ಆ್ಯಪ್ ಮಾಡಬಹುದು, ಇದೇ ರಸ್ತೆಯಲ್ಲಿ ಅಂಗಡಿ ಇಡಬಹುದು. ನಿಮ್ಮ ಕೆಲಸ ಚೆನ್ನಾಗಿದ್ದರೆ ಅದು ಜನರ ಮುಂದೆ ಬರುವಂತಿರಬೇಕು. ಅದಕ್ಕೆ ಅಡ್ಡ ನಿಂತವರನ್ನು ಕೇಳುವವರೂ ಇರಬೇಕು. ಹಾಗೆ ಕೇಳುವ ವಕೀಲರು, ಪತ್ರಕರ್ತರು, ಅಧಿಕಾರಿಗಳು ಈ ಶಾಲೆಯಿಂದಲೂ ಬರಲಿ ಎಂದು ಹಾರೈಸುತ್ತೇನೆ.